ಒಂದು ಕದ ಮುಚ್ಚಿದ ಮನೆ

ಮೂಡುಗಾಳಿ ಬೀಸಿದರೆ ಕಾದಿಸ್ ಊರಿನಲ್ಲಿ ಎಲ್ಲರ ತಲೆಯೂ ಕೆಡುತ್ತದೆ. ಅದನ್ನೇ ನೆಪ ಮಾಡಿಕೊಂಡು, ಊರು ತೋರಿಸುವ ಕೆಲಸದ ನೊಯೆಲಿಯಾ ಇವತ್ತು ಆ ಮನೆಯನ್ನು ತಪ್ಪಿಸಬಹುದಿತ್ತು. ಕಾಲು ಮಾತ್ರ ರೂಢಿಯಂತೆ ಅಲ್ಲಿಗೇ ಹೋಯಿತು. ಬೆನ್ನಿಗೆ ಇಂಗ್ಲಿಷ್ ಪ್ರವಾಸಿಗರ ಹಿಂಡು.

ಬೀದಿಬಾಗಿಲಿನ ಎರಡೂ ಕದ ತೆರೆದಿದ್ದವು. ದಿನವೂ ಹೇಳುವುದನ್ನೇ ಅವಳು ಅವರಿಗೆ ಹೇಳಿದಳು: “ಹಗಲೊತ್ತು ಈ ಬಾಗಿಲು ಹಾಕೋದೇ ಇಲ್ಲ. ಒಂದು ಕದ ಹಾಕಿದ್ರೆ ಒಳಗೆ ಯಾರೋ ತೀರಿಕೊಂಡಿದ್ದಾರೆ ಅಂತ. ಓಣಿಯಲ್ಲಿ ಹೋಗೋರು ದನಿ ತಗ್ಗಿಸ್ತಾರೆ.”

ಒಳಗೆ ಅಂಗಳ, ನಡುವೆ ಮಳೆನೀರಿನ ಬಾವಿಯ ಸವೆದ ಅಮೃತಶಿಲೆಯ ಕಟ್ಟೆ. ನೊಯೆಲಿಯಾ ಹುಟ್ಟಿದ್ದು ಇದೇ ಮನೆಯ ಮಹಡಿಯಲ್ಲಿ. ಹೋದ ಚಳಿಗಾಲದಲ್ಲಿ ಅವಳ ಹಿಂಡಿನಲ್ಲಿದ್ದ ಒಬ್ಬ ಈ ಕಟ್ಟೆ ಸವರುತ್ತ, ಮನೆ ಯಾರದು ಎಂದು ಕೇಳಿದ್ದ. ಅವಳು ಹೆಮ್ಮೆಯಿಂದ ಮಾಲೀಕನ ಹೆಸರು ಹೇಳಿದ್ದಲ್ಲದೆ ವಿಳಾಸವನ್ನೂ ಕೊಟ್ಟಿದ್ದಳು. ಆತ ಕೊಂಡ. ಪ್ರವಾಸಿಗರಿಗೆ ಕೋಣೆ ಮಾಡಲು ಬಾಡಿಗೆಯವರನ್ನೆಲ್ಲ ಮನೆ ಬಿಡಿಸಿದ. ಈಗ ಉಳಿದಿರುವುದು ನೆಲಮಹಡಿಯ ಕಾಂದೆಲಾರಿಯಾ ಒಬ್ಬಳೇ, ಅದೂ ತಿಂಗಳ ಕೊನೆಯವರೆಗೆ. ಚಿಕ್ಕಂದಿನಲ್ಲಿ ನೊಯೆಲಿಯಾಳ ತಲೆಯ ಹೇನು ಹೆಕ್ಕಿದವಳು.

“ಬಂದ್ಯೇನೇ? ಎಷ್ಟು ಜನ ಬಿಸಿಲಲ್ಲಿ ಬೆಂದ ಕೆಂಪು ಸೀಗಡಿಗಳನ್ನ ಹಿಡ್ಕೊಂಡು ಬಂದೆ ಇವತ್ತು?” ಕಾಂದೆಲಾರಿಯಾ ಒದ್ದೆ ಬಟ್ಟೆ ಕೊಡವಿದಳು. “ಸೀಗಡಿಗಳನ್ನ ಒಂದು ಮಾತು ಕೇಳು. ಈ ಮನೆ ಕೊಂಡ ಪುಣ್ಯಾತ್ಮನೂ ಹಿಂಗೇ ಯಾರದೋ ಹಿಂದೆ ಬಂದಿದ್ದನಂತೆ. ಕರ್ಕೊಂಡು ಬಂದೋರು ಯಾರು ಅಂತ ಗೊತ್ತಾ ಇವರಿಗೆ? ಹೆಸರು ಗೊತ್ತಿಲ್ದೆ ಶಾಪ ಹಾಕಿದ್ರೆ ಬೇರೆಯೋರಿಗೆ ತಗಲುತ್ತೆ ನೋಡು.”

ಊರ ಭಾಷೆ ತಿಳಿಯದ ಪ್ರವಾಸಿಗರು ನೊಯೆಲಿಯಾಳ ಬಾಯನ್ನೇ ನೋಡುತ್ತಿದ್ದರು.

“ಎಲ್ಲರಿಗೂ ಸ್ವಾಗತ ಅಂತಿದ್ದಾರೆ,” ಎಂದು ಅವಳು ಇಂಗ್ಲಿಷಿನಲ್ಲಿ ಹೇಳಿದಳು.

ಅವರು ಚಪ್ಪಾಳೆ ತಟ್ಟಿದರು.

ಕಾಂದೆಲಾರಿಯಾಳ ಕೈ ಹಗ್ಗದ ಮೇಲೆ ನಿಂತಿತು. “ನಾನು ಅಷ್ಟುದ್ದ ಹೇಳಿದೆ. ನೀನು ಒಂದೇ ಉಸಿರಲ್ಲಿ ಮುಗಿಸಿದೆ. ಅದಕ್ಕೆ ಚಪ್ಪಾಳೆ ಬೇರೆ?”

“ದೊಡ್ಡಮ್ಮ, ಅವರಿಗೆ...”

“ಸಾಕು ಬಿಡು.” ಅವಳು ನೊಯೆಲಿಯಾಳ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು, ಹೇನು ಹುಡುಕುವಾಗ ನೋಡುತ್ತಿದ್ದ ಹಾಗೆ. ಆಮೇಲೆ ಬಟ್ಟೆಯ ಕಡೆ ತಿರುಗಿದಳು. “ಹೋಗ್ತಾ ಒಂದು ಕದ ಹಾಕ್ಕೊಂಡು ಹೋಗು.”

ನೊಯೆಲಿಯಾ ಹಾಕಿದಳು. ಕದ ಭಾರವಾಗಿತ್ತು. ಕಲಿಸಿದ ಪಾಠ ಪ್ರವಾಸಿಗರಿಗೆ ನೆನಪಿತ್ತು. ಓಣಿಯಲ್ಲಿ ಎಲ್ಲರೂ ತೆಪ್ಪಗಾದರು. ಒಬ್ಬ ಹೆಂಗಸು ಪಿಸುಗುಟ್ಟಿದಳು: “ಯಾರು ಹೋದ್ರು?”

ಆಗ ನೊಯೆಲಿಯಾ ಎಲ್ಲವನ್ನೂ ಹೇಳಿದಳು. ಮನೆ ಕೊಂಡ ಆ ಮನುಷ್ಯನ ವಿಷಯ, ತಾನು ಕೊಟ್ಟ ವಿಳಾಸ, ಈಗಷ್ಟೇ ಆಡಿದ ಸುಳ್ಳು. ಕದದ ಆಚೆ ಇರುವವಳಿಗೆ ತಿಳಿಯದ ಭಾಷೆಯಲ್ಲಿ.

ಅವರು ಮರುಕದಿಂದ ತಲೆದೂಗಿದರು. ಒಬ್ಬ ಮುದುಕ ಟೋಪಿ ತೆಗೆದು ಎದೆಗೆ ಒತ್ತಿಕೊಂಡ. ಅವಳ ಹತ್ತಿರ ಬಂದು, ಸಾವಿನ ಮನೆಗೆ ತಕ್ಕಂತೆ ದನಿ ತಗ್ಗಿಸಿ ಕೇಳಿದ: “ಹಾಗಾದ್ರೆ ಕೋಣೆಗಳು ಯಾವಾಗಿಂದ ಸಿಗ್ತವೆ?”