ಲಿವರಿನಲ್ಲಿ ಕಂಡ ಗಂಟು

೧೯೮೩ರ ಮಳೆಗಾಲದ ಮೊದಲ ವಾರ, ಮುಂಬಯಿ ಹತ್ತಿರದ ಕಲ್ಯಾಣದ ಗೂಡ್ಸ್ ಶೆಡ್ಡಿನಲ್ಲಿ ಹಮಾಲಿ ಮಾಡುತ್ತಿದ್ದ ಮಾಪಣ್ಣ ಬೆನ್ನ ಮೇಲೆ ಸಿಮೆಂಟಿನ ಚೀಲ ಇರುವಾಗಲೇ ಕುಸಿದು ಬಿದ್ದ. ಮೂರು ದಿನದಿಂದ ಅವನ ಹೊಟ್ಟೆ ತಮಟೆಯ ಹಾಗೆ ಬಿಗಿದುಕೊಂಡಿತ್ತು. ಜೊತೆಗೆ ಕೆಲಸ ಮಾಡುತ್ತಿದ್ದ, ಅವನ ಹಾಗೆಯೇ ಕನ್ನಡ ಸೀಮೆಯ ಶಹಾಪುರದಿಂದ ಬಂದಿದ್ದ ಜಟ್ಟೆಪ್ಪ ಟೆಂಪೋ ಒಂದನ್ನು ಅಡ್ಡಗಟ್ಟಿ ನಿಲ್ಲಿಸಿ, ಅವನನ್ನು ಥಾಣೆಯ ಸರ್ಕಾರಿ ಆಸ್ಪತ್ರೆಗೆ ತಂದು ಹಾಕಿದ. ಡೊಂಬಿವಲಿಯಲ್ಲಿ ಕಟ್ಟುತ್ತಿದ್ದ ಕಟ್ಟಡದ ಮೂರನೇ ಮಾಳಿಗೆಗೆ ಕಾಂಕ್ರೀಟಿನ ಬುಟ್ಟಿ ಹೊರುತ್ತಿದ್ದ ಹೆಂಡತಿ ಸಾಬವ್ವನಿಗೆ ಸುದ್ದಿ ಮುಟ್ಟಿ, ಅವಳು ಲೋಕಲ್ ರೈಲು ಹಿಡಿದು ಬರುವ ಹೊತ್ತಿಗೆ ಮಾಪಣ್ಣನನ್ನು ಆಪರೇಷನ್ನಿಗೆ ಒಳಗೆ ಕರೆದುಕೊಂಡು ಹೋಗಿ ಆಗಿತ್ತು.

ಮೂರನೇ ದಿನ ದೊಡ್ಡ ಡಾಕ್ಟರು ವಾರ್ಡಿಗೆ ಬಂದರು. ಸಾಬವ್ವ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ಅವರು ಹಿಂದಿಯಲ್ಲಿ, "ಕರುಳಿನ ಗಡ್ಡೆ ತೆಗೆದಿದ್ದೇವೆ. ಆದರೆ ಲಿವರಿನಲ್ಲೂ ಒಂದು ಗಂಟು ಇದೆ" ಅಂದರು. ಆಮೇಲೆ ಜೊತೆಯಲ್ಲಿದ್ದ ಕಿರಿಯ ಡಾಕ್ಟರರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಬಹಳ ಹೊತ್ತು ಮಾತಾಡಿದರು. ಅಷ್ಟು ಮಾತಿನಲ್ಲಿ ಸಾಬವ್ವನಿಗೆ ಗುರುತು ಸಿಕ್ಕಿದ್ದು ಒಂದೇ ಶಬ್ದ. ಲಿವರ್.

ಆ ಶಬ್ದ ಅವಳಿಗೆ ಹೊಸದಲ್ಲ. ಅವಳ ಬೆನ್ನಿಗೆ ಹುಟ್ಟಿದ ತಮ್ಮ ಯಂಕಣ್ಣ ಕುಡಿದು ಕುಡಿದು, ಕಣ್ಣು ಅರಿಶಿನವಾಗಿ, ಹೊಟ್ಟೆಯಲ್ಲಿ ನೀರು ತುಂಬಿಕೊಂಡು ಇದೇ ಆಸ್ಪತ್ರೆಯಲ್ಲಿ ಸತ್ತಿದ್ದ. ಲಿವರ್ ಹೋಗಿದೆ ಎಂದು ಆಗಲೂ ಹೇಳಿದ್ದರು. ಆ ಕಾಲದಲ್ಲಿ ಮಾಪಣ್ಣನೂ ಕುಡಿಯುತ್ತಿದ್ದ. ಯಂಕಣ್ಣನನ್ನು ಮಣ್ಣು ಮಾಡಿ ಬಂದ ದಿನವೇ ಎರಡು ವರ್ಷದ ಮಗಳು ಗುರಮ್ಮನ ತಲೆ ಮೇಲೆ ಕೈ ಇಟ್ಟು, ಇನ್ನು ಮುಟ್ಟುವುದಿಲ್ಲ ಎಂದು ಆಣೆ ಮಾಡಿದ. ಎಂಟು ವರ್ಷವಾಗಿತ್ತು. ಆ ಎಂಟು ವರ್ಷ ಸಾಬವ್ವ ತಾವು ಖೋಲಿ ಮಾಡಿದ್ದ ಚಾಳಿನ ಬೇರೆ ಹೆಂಗಸರ ಮುಂದೆ ತಲೆ ಎತ್ತಿಕೊಂಡು ನಡೆದಿದ್ದಳು.

ಡಾಕ್ಟರು ಆಚೆ ಹೋದ ಕೂಡಲೇ ಅವಳು ಮಂಚದ ಹತ್ತಿರ ಬಗ್ಗಿದಳು.

"ಯಾವಾಗಿಂದ ಸುರು ಮಾಡಿದಿ?"

"ಏನ?"

"ಲಿವರ್ ಕೆಟ್ಟದ ಅಂತ. ನಂಗ ಗೊತ್ತಾಗಲ್ಲ ಅನ್ಕೊಂಡಿ ಏನು? ಮಗಳ ತಲಿ ಮ್ಯಾಲ ಕೈ ಇಟ್ಟು ಆಣಿ ಮಾಡಿದ್ದಿ. ಖರೇ ಹೇಳು, ಎಲ್ಲಿ ಕುಡೀತಿದ್ದಿ?"

ಮಾಪಣ್ಣ ಅವಳನ್ನು ಒಂದು ಸಲ ನೋಡಿದ. ಮೆಲ್ಲಗೆ ಗೋಡೆಯ ಕಡೆ ಮುಖ ತಿರುಗಿಸಿದ. ಸಾಬವ್ವನಿಗೆ ಅಷ್ಟು ಸಾಕಾಯಿತು. ಅವನು ಒಪ್ಪಿಕೊಂಡ ಎಂದೇ ತಿಳಿದಳು.

ಮುಂದಿನ ನಾಲ್ಕು ದಿನ ಅವಳು ಆಸ್ಪತ್ರೆಯ ಕಡೆ ಸುಳಿಯಲಿಲ್ಲ. ಜಟ್ಟೆಪ್ಪನ ಕೈಯಲ್ಲಿ ಗಂಜಿಯ ಡಬ್ಬಿ ಕಳಿಸಿ, ತಾನು ಬುಟ್ಟಿ ಹೊರಲು ಹೋದಳು. ಸಿಟ್ಟಿನಲ್ಲಿ ದಿನಕ್ಕಿಂತ ಹೆಚ್ಚು ಹೊತ್ತಳು. ಪಕ್ಕದ ಖೋಲಿಯ ಮರಗಮ್ಮ ಗುರಮ್ಮನನ್ನು ನೋಡಿಕೊಳ್ಳುತ್ತಿದ್ದಳು. "ಅಪ್ಪಗ ಏನಾಗ್ಯಾದ?" ಎಂದು ಮಗಳು ಕೇಳಿದರೆ ಸಾಬವ್ವ ಒಲೆ ಊದುತ್ತಿದ್ದಳು.

ಐದನೇ ದಿನ ಬೆಳಿಗ್ಗೆ ಜಟ್ಟೆಪ್ಪ ಖಾಲಿ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತ.

"ತಂಗಿ, ಅವ ಊರಿಗಿ ಹೋಗ್ತೀನಿ ಅಂತ ಕುಂತಾನ. ಆಸ್ಪತ್ರಿ ಕಾಗದಕ್ಕ ಹೆಬ್ಬಟ್ಟು ಒತ್ತಿ, ಔಷಧ ಬಿಟ್ಟು ಬರ್ತಾನಂತ. ಸಿಸ್ಟರ್ ಬೈಲಿಕತ್ಯಾರ. ಲ್ಯಾಬಿನಿಂದ ರಿಪೋರ್ಟ್ ತರ್ಬೇಕಂತ, ಮನಿಯವರು ಯಾರರೆ ಬರ್ರಿ ಅಂದಾರ. ನೀ ಬೈಬೇಕಂದ್ರೂ ಹೋಗಿ ಅವನ ಮುಂದ ನಿಂತು ಬೈ. ಹಿಂಗ ಬಿಡಬ್ಯಾಡ."

ಸಾಬವ್ವ ಹೋದಳು. ವಾರ್ಡಿಗೆ ಕಾಲಿಡದೆ, ಸಿಸ್ಟರ್ ಕೊಟ್ಟ ಚೀಟಿ ಹಿಡಿದು ಸೀದಾ ಲ್ಯಾಬಿನ ಕಿಟಕಿಯ ಮುಂದೆ ನಿಂತಳು. ಒಳಗಿದ್ದ ಬಿಳಿ ಕೋಟಿನ ಹೆಂಗಸು ಕಾಗದಗಳ ನಡುವೆ ಹುಡುಕುತ್ತಿದ್ದಾಗ ಸಾಬವ್ವ ತನ್ನಷ್ಟಕ್ಕೆ ತಾನೇ ಗೊಣಗಿದಳು: "ಎಂಟು ವರ್ಷ ಸುಳ್ಳು ಹೇಳ್ಯಾನ. ಎಂಟು ವರ್ಷ."

ಹೆಂಗಸು ತಲೆ ಎತ್ತಿದಳು. "ನೀವು ಕನ್ನಡದವರಾ? ಯಾರು ಎಂತ ಸುಳ್ಳು ಹೇಳಿದ್ದು?"

ಆಕೆಯ ಹೆಸರು ಪ್ರಭಾ. ಉಡುಪಿ ಕಡೆಯವಳು, ನೌಪಾಡಾದಲ್ಲಿ ಮನೆ. ಒಂಬತ್ತು ವರ್ಷದಿಂದ ಆ ಲ್ಯಾಬಿನಲ್ಲಿ ಟೆಕ್ನಿಶಿಯನ್. ತನ್ನ ಭಾಷೆ ಕೇಳಿದ್ದೇ ತಡ, ಸಾಬವ್ವನ ಬಾಯಿಂದ ಕಟ್ಟೆ ಒಡೆದ ಹಾಗೆ ಎಲ್ಲವೂ ಬಂತು. ಬಿಟ್ಟು ಬಂದ ಶಹಾಪುರ, ಕಲ್ಯಾಣದ ಖೋಲಿ, ಸತ್ತ ತಮ್ಮ, ಆಣೆ, ಗೋಡೆಗೆ ತಿರುಗಿದ ಮುಖ. ಪ್ರಭಾ ಕೈಯಲ್ಲಿದ್ದ ರಿಪೋರ್ಟನ್ನು ಇನ್ನೊಂದು ಸಲ ಓದಿ, ಬಾಗಿಲು ತೆರೆದು ಹೊರಗೆ ಬಂದು ಬೆಂಚಿನ ಮೇಲೆ ಅವಳ ಪಕ್ಕದಲ್ಲೇ ಕುಳಿತಳು.

"ಅಲ್ಲ ಮಾರಾಯ್ತಿ, ನೀವು ಯಾರನ್ನು ಕೇಳಿ ಹೀಗೆ ಅಂದುಕೊಂಡದ್ದು? ಇದು ಕುಡಿದು ಕೆಟ್ಟ ಲಿವರ್ ಅಲ್ಲ. ಆಪರೇಷನ್ ಮಾಡುವಾಗ ಲಿವರಿಂದ ಒಂದು ಚೂರು ತೆಗೆದು ಕಳಿಸಿದ್ದರು. ಅದಕ್ಕೆ ಬಣ್ಣ ಹಾಕಿ ಗಾಜಿನ ಮೇಲೆ ಇಟ್ಟದ್ದು ನಾನೇ. ನಮ್ಮ ಡಾಕ್ಟ್ರು ಮೈಕ್ರೋಸ್ಕೋಪಿನಲ್ಲಿ ನೋಡಿ ಬರೆದಿದ್ದಾರೆ, ಇದು ಕರುಳಿನ ಗಡ್ಡೆಯದ್ದೇ ತುಂಡು ಅಂತ."

"ಕರುಳಿಂದು ಲಿವರಿನ್ಯಾಗ ಹ್ಯಾಂಗ ಬರ್ತದ ಅಕ್ಕಾ?"

ಪ್ರಭಾ ಅವಳ ಕಡೆ ತಿರುಗಿ ಕುಳಿತಳು. "ನೀವು ಕಲ್ಯಾಣದಲ್ಲಿ ಇರುವುದಲ್ಲವಾ? ಕಸಾರಾದ ಗಾಡಿಯೂ ಕರ್ಜತಿನ ಗಾಡಿಯೂ ಮುಂಬಯಿಗೆ ಹೋಗ್ಲಿಕ್ಕೆ ಮೊದಲು ಕಲ್ಯಾಣಕ್ಕೇ ಬರಬೇಕು. ಹಾಗೆಯೇ ಕರುಳಿನ ರಕ್ತ ಎಲ್ಲ ಮೊದಲು ಲಿವರಿಗೆ ಹೋಗ್ತದೆ. ಅದರೊಟ್ಟಿಗೆ ಗಡ್ಡೆಯ ಒಂದು ಕಣ ಹೋಗಿ ಅಲ್ಲಿ ಇಳಿಯಿತು, ಅಲ್ಲೇ ಬೆಳೆಯಿತು. ನೀವು ಶಹಾಪುರದಿಂದ ಬಂದು ಕಲ್ಯಾಣದಲ್ಲಿ ಖೋಲಿ ಮಾಡಿದ್ದೀರಿ. ಅಷ್ಟಕ್ಕೇ ನೀವು ಇಲ್ಲಿನವರು ಆಗ್ತೀರಾ? ಆ ಗಂಟು ಲಿವರಿನಲ್ಲಿ ಉಂಟು, ಆದರೆ ಅದು ಕರುಳಿನದ್ದು."

ಸಾಬವ್ವ ಪ್ರಭಾಳ ಕೈಯಲ್ಲಿದ್ದ ರಿಪೋರ್ಟನ್ನು ಬಗ್ಗಿ ನೋಡಿದಳು. ಆಮೇಲೆ ಕೇಳಿದಳು. "ಅಂದ್ರ ಇದು ಕ್ಯಾನ್ಸರೇ?"

"ಹೌದು." ಪ್ರಭಾ ಮಾತು ಮರೆಸಲಿಲ್ಲ. "ಸಣ್ಣ ಕಾಯಿಲೆ ಅಲ್ಲ. ಆದರೆ ಒಂದೇ ಗಂಟು, ಅದೂ ಅಂಚಿನಲ್ಲಿ. ಏನು ಮಾಡ್ಲಿಕ್ಕೆ ಆಗ್ತದೆ ಅಂತ ಡಾಕ್ಟ್ರನ್ನೇ ಕೇಳುವ, ಬನ್ನಿ. ನಾನೂ ಬರ್ತೇನೆ."

ಮೇಲೆ ವಾರ್ಡಿನಲ್ಲಿ ಡಾಕ್ಟರು ಮರಾಠಿಯಲ್ಲಿ ಹೇಳಿದರು, ಪ್ರಭಾ ಕನ್ನಡದಲ್ಲಿ ಹೇಳಿದಳು. ಮುಂಬಯಿಯ ಪರೇಲಿನ ದೊಡ್ಡ ಆಸ್ಪತ್ರೆಯಲ್ಲಿ ಲಿವರಿನ ಆ ಭಾಗವನ್ನು ಕತ್ತರಿಸಿ ತೆಗೆಯುವವರಿದ್ದಾರೆ. ಎಲ್ಲರಿಗೂ ಅದನ್ನು ಮಾಡಲಾಗುವುದಿಲ್ಲ. ಇವನ ಉಳಿದ ಲಿವರ್ ಆಪರೇಷನ್ನಿನಲ್ಲಿ ಮುಟ್ಟಿದಾಗ ಕೈಗೆ ಮೆತ್ತಗೆ ನುಣ್ಣಗೆ ಸಿಕ್ಕಿದೆ, ಆದ್ದರಿಂದ ಮಾಡಬಹುದು. ಅಷ್ಟು ಕತ್ತರಿಸಿದರೂ ಲಿವರ್ ತಿರುಗಿ ಬೆಳೆಯುತ್ತದೆ. ಗುಣವಾಗುತ್ತದೆ ಎಂದು ಭಾಷೆ ಕೊಡಲಾರೆವು. ಕೆಲವರಿಗೆ ಮತ್ತೆ ಬರುತ್ತದೆ, ಕೆಲವರು ಚೆನ್ನಾಗಿ ಬಾಳುತ್ತಾರೆ.

"ಉಳಿದದ್ದು ಚಲೋ ಅದಾ?" ಸಾಬವ್ವ ಅದನ್ನೇ ಎರಡು ಸಲ ಕೇಳಿದಳು.

ಡಾಕ್ಟರು ಹೋದ ಮೇಲೆ ಅವಳು ಮಂಚದ ಅಂಚಿಗೆ ಕುಳಿತಳು. ಮಾಪಣ್ಣ ಚೀಲಕ್ಕೆ ಅಂಗಿ ತುಂಬಿಕೊಂಡು ಹೊರಡಲು ಸಿದ್ಧನಾಗಿದ್ದವನು, ಎಲ್ಲ ಕೇಳಿಯೂ ಕೇಳದವನಂತೆ ಕೂತಿದ್ದ.

"ಅವತ್ತ ನಾ ಕೇಳಿದಾಗ ಯಾಕ ಸುಮ್ಮನಾದಿ? ಕುಡದಿಲ್ಲ ಅಂತ ಒಂದು ಮಾತು ಅನ್ನಬಾರದೇನು?"

"ಏನಂತ ಹೇಳ್ಲಿ?" ಅವನು ಚೀಲದ ಬಾಯಿ ಕಟ್ಟಿದ. "ಎಂಟು ವರ್ಷದಾಗ ಒಂದು ಹನಿ ಮುಟ್ಟಿಲ್ಲ. ಆದ್ರ ಅದಕ್ಕೂ ಮೊದಲು ಕುಡದಿದ್ದೆನಲ್ಲ. ಆ ಪಾಪನೇ ಈಗ ಲಿವರಿಗಿ ಬಂದದ ಅನ್ಕೊಂಡೆ. ನೀ ಅಂದಿದ್ದು ನಂಗೂ ಖರೇನೇ ಅನಿಸ್ತು. ಯಂಕಣ್ಣನಂಗ ಇಲ್ಲಿ ಉಬ್ಬಿ ಸಾಯೋದಕಿಂತ ಊರಾಗ ಸಾಯ್ತೀನಿ ಅಂತ..."

"ಸಾಯೋ ಮಾತು ಬಿಡು." ಅವಳು ಅವನ ಕೈಯಿಂದ ಚೀಲ ಎಳೆದುಕೊಂಡಳು. "ಇದು ಯಂಕಣ್ಣನ ಜಡ್ಡಲ್ಲ. ನಿನ್ನ ಲಿವರ್ ಚಲೋ ಅದಂತ. ಕರುಳಿನ ಗಡ್ಡಿ ಹೋಗಿ ಅಲ್ಲಿ ಕುಂತದ, ಅದನ್ನ ಎಬ್ಬಿಸಿ ಹೊರಗ ಹಾಕ್ತಾರ." ಆಮೇಲೆ ತಡೆಯಲಾರದೆ, "ನಾ ತಪ್ಪು ತಿಳಕೊಂಡೆ. ನಾಲ್ಕು ದಿನ ನಿನ್ನ ಮಾರಿ ನೋಡ್ಲಿಲ್ಲ" ಅಂದಳು. ಅವಳ ಕಣ್ಣು ಸುರಿಯತೊಡಗಿತು.

ಮಾಪಣ್ಣ ಅವಳ ಕೈ ಹಿಡಿದ. ಹಾಗೆ ಹಿಡಿದುಕೊಂಡೇ, ವರ್ಷದಿಂದ ಮಲದಲ್ಲಿ ರಕ್ತ ಬೀಳುತ್ತಿತ್ತು, ಮೂಲವ್ಯಾಧಿ ಇರಬೇಕು ಎಂದು ನಾಚಿಕೆಯಿಂದ ಯಾರಿಗೂ ಹೇಳಿರಲಿಲ್ಲ ಎಂದು ಬಾಯಿಬಿಟ್ಟ. ಸಾಬವ್ವ ಅಳು ನಿಲ್ಲಿಸಿ, ಆಚೆ ಮಂಚದವರು ತಿರುಗಿ ನೋಡುವಷ್ಟು ಜೋರಾಗಿ ಬೈದಳು. ಈ ಸಲ ಅವನು ಗೋಡೆಯ ಕಡೆ ತಿರುಗಲಿಲ್ಲ.

ಅಕ್ಟೋಬರಿನಲ್ಲಿ ಪರೇಲಿನಲ್ಲಿ ಎರಡನೇ ಆಪರೇಷನ್ ಆಯಿತು. ಐದು ತಾಸು ಹಿಡಿಯಿತು. ಸಾಬವ್ವ ಹೊರಗೆ ಮೆಟ್ಟಿಲ ಮೇಲೆ ಕುಳಿತಿದ್ದಳು. ರಜೆ ಹಾಕಿ ಬಂದ ಪ್ರಭಾ ಪಕ್ಕದಲ್ಲಿ ಕುಳಿತು ಅವಲಕ್ಕಿ ತಿನ್ನಿಸಿದಳು. ಬೆಳ್ಳುಳ್ಳಿ ಗಡ್ಡೆಯಷ್ಟು ದೊಡ್ಡ ಗಂಟನ್ನು ಸುತ್ತಲಿನ ಒಳ್ಳೆಯ ಲಿವರಿನ ಸಮೇತ ತೆಗೆದರು. ಹೊಲಿಗೆ ಕೀವು ಹಿಡಿದು ಮಾಪಣ್ಣ ಇಪ್ಪತ್ತು ದಿನ ಹೆಚ್ಚಿಗೆ ಮಲಗಬೇಕಾಯಿತು. ಆಮೇಲೆ ಕ್ಯಾನ್ಸರ್ ಮತ್ತೆ ಬರದ ಹಾಗೆ ತಿಂಗಳು ತಿಂಗಳು ಇಂಜೆಕ್ಷನ್. ಬಾಯಿ ಹುಣ್ಣಾಗಿ ರೊಟ್ಟಿ ಬಿಟ್ಟು ಬರೀ ಮಜ್ಜಿಗೆಯನ್ನ ಉಂಡ. ಪಕ್ಕದ ಮಂಚದಲ್ಲಿ ಅದೇ ಕಾಯಿಲೆಯ ಧರ್ಮಪಾಲ ಎಂಬ ಮಾಸ್ತರನಿದ್ದ, ಒಳ್ಳೆಯ ಮನುಷ್ಯ. ಮರುವರ್ಷ ಅವನಿಗೆ ಲಿವರ್ ತುಂಬ ಗಂಟುಗಳೆದ್ದವು, ಉಳಿಯಲಿಲ್ಲ. ಆ ಸುದ್ದಿ ಬಂದ ವಾರ ಮಾಪಣ್ಣ ಹಾಸಿಗೆ ಬಿಟ್ಟು ಏಳಲಿಲ್ಲ. ಮುಂದಿನ ತಪಾಸಣೆಯ ದಿನ ಸಾಬವ್ವನೇ ಅವನನ್ನು ಎಬ್ಬಿಸಿ, ಸ್ನಾನ ಮಾಡಿಸಿ, ಗಾಡಿ ಹತ್ತಿಸಿದಳು. ಹೊಸ ಗಂಟು ಏನೂ ಇರಲಿಲ್ಲ. ಆರು ತಿಂಗಳಾದ ಮೇಲೆಯೂ ಇರಲಿಲ್ಲ.

ಚೀಲ ಹೊರುವುದು ಮಾತ್ರ ಬಂದ್ ಆಯಿತು. ೧೯೮೬ರಲ್ಲಿ ಅವರು ವಾಶಿಗೆ ಬಂದರು. ಅಲ್ಲಿ ಎಲ್ಲಿ ನೋಡಿದರೂ ಏಳುತ್ತಿದ್ದ ಹೊಸ ಕಟ್ಟಡಗಳು. ಮಾಪಣ್ಣನಿಗೆ ಒಂದು ಸೈಟಿನಲ್ಲಿ ವಾಚ್‌ಮನ್ ಕೆಲಸ, ಇರಲು ಅಲ್ಲೇ ತಗಡಿನ ಮನೆ. ಗುರಮ್ಮ ಮರಾಠಿ ಶಾಲೆಗೆ ಹೋದಳು. ಅಪ್ಪನ ಕನ್ನಡಕ್ಕೆ ಹಿಂದಿಯಲ್ಲಿ ಉತ್ತರ ಕೊಡುತ್ತಿದ್ದಳು.

೧೯೮೮ರ ನವೆಂಬರಿನಲ್ಲಿ, ಐದು ವರ್ಷವೂ ಗಂಟು ಮತ್ತೆ ಬಂದಿಲ್ಲ, ಇನ್ನು ವರ್ಷಕ್ಕೊಂದು ಸಲ ಬಂದರೆ ಸಾಕು ಎಂದು ಪರೇಲಿನ ಡಾಕ್ಟರು ಹೇಳಿ ಕಳಿಸಿದರು. ಮರುದಿನ ಮಧ್ಯಾಹ್ನ ಸಾಬವ್ವ ರೊಟ್ಟಿ, ಪುಂಡಿಪಲ್ಯೆ ಕಟ್ಟಿಕೊಂಡು ಸೈಟಿನ ಗೇಟಿಗೆ ಬಂದಾಗ, ಮರಳಿನ ಲಾರಿಯೊಂದು ದಾರಿಗೆ ಅಡ್ಡ ನಿಂತಿತ್ತು. ಮಾಪಣ್ಣ ಕೋಲು ಹಿಡಿದು ಡ್ರೈವರನ ಜೊತೆ ಜಗಳಕ್ಕೆ ಬಿದ್ದಿದ್ದ. ಕನ್ನಡ, ಹಿಂದಿ, ಮರಾಠಿ ಮೂರೂ ಕಲಸಿ, ಕತ್ತಿನ ನರ ಉಬ್ಬುವ ಹಾಗೆ ಕೂಗುತ್ತಿದ್ದ. ದಾರಿಹೋಕರು ನಿಂತು ನೋಡುತ್ತಿದ್ದರು.

ಬೇರೆ ಯಾರ ಹೆಂಡತಿಯಾದರೂ ನಡುವೆ ಹೋಗಿ ಬಿಡಿಸುತ್ತಿದ್ದಳೇನೋ. ಸಾಬವ್ವ ಇಟ್ಟಿಗೆಯ ರಾಶಿಯ ಮೇಲೆ ನೆರಳು ನೋಡಿ ಕುಳಿತಳು, ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡಳು. ರೊಟ್ಟಿ ಆರುತ್ತಿತ್ತು. ಆರಲಿ ಬಿಡು ಅಂದುಕೊಂಡು, ಅಂದು ಗೋಡೆಗೆ ಮುಖ ತಿರುಗಿಸಿದ್ದವನ ಈ ಗಟ್ಟಿ ದನಿ ಕೇಳುತ್ತ ಕುಳಿತಳು.