ಕೆಟಲ್ ಮೇಲಿನ ಕೆಂಪು ದೀಪ

ಅಂದಪ್ಪನಿಗೆ ಕಿವಿ ಕೇಳಿಸುತ್ತಿರಲಿಲ್ಲ. ಈ ಸಂಗತಿ ತನಗೊಬ್ಬನಿಗೆ ಬಿಟ್ಟರೆ ಜಗತ್ತಿನಲ್ಲಿ ಇನ್ನಾರಿಗೂ ಗೊತ್ತಿಲ್ಲ ಎಂದು ಅವನು ನಂಬಿದ್ದ.

ಲಕ್ಷ್ಮೇಶ್ವರದ ಎಣ್ಣೆಮಿಲ್ಲಿನಲ್ಲಿ, ಕಾಳು ಹಿಂಡುವ ಯಂತ್ರಗಳ ಗದ್ದಲದಲ್ಲೇ ಅವನ ಹರೆಯ ಕಳೆದಿತ್ತು. ಕಿವಿ ಒಂದೇ ದಿನಕ್ಕೆ ಕೈಕೊಡಲಿಲ್ಲ. ಮೊದಲು ಗುಬ್ಬಿಗಳು ಸುಮ್ಮನಾದವು, ಆಮೇಲೆ ಬೆಳ್ಳಟ್ಟಿ ಬಸ್ಸಿನ ಹಾರ್ನು, ಕೊನೆಗೆ ಮನುಷ್ಯರು. ಎದುರಿಗೆ ನಿಂತು, ತುಟಿ ಕಾಣುವಂತೆ, ಗಟ್ಟಿಯಾಗಿ ಹೇಳಿದರೆ ಅರ್ಧ ತಿಳಿಯುತ್ತಿತ್ತು, ಉಳಿದರ್ಧಕ್ಕೆ ಹೂಂಗುಟ್ಟುತ್ತಿದ್ದ. ಹೂಂ ಅನ್ನುವುದರಲ್ಲಿ ಅವನಷ್ಟು ಪಳಗಿದವನು ಇಡೀ ತಾಲೂಕಿನಲ್ಲಿ ಸಿಗಲಿಕ್ಕಿಲ್ಲ. ಚಹಾದಂಗಡಿಯಲ್ಲಿ ಕೂರುವುದನ್ನು ಬಿಟ್ಟ, ಮದುವೆ ಮುಂಜಿ ಬಿಟ್ಟ. ಅಂದಪ್ಪಗ ಸೊಕ್ಕು ಬಂದೈತಿ ಎಂದರು ಜನ. ಅನ್ನಲಿ ಬಿಡಿ. ಸೊಕ್ಕಿನವನನ್ನು ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೆ, ಕಿವುಡನನ್ನು ಯಾರು ಇಟ್ಟುಕೊಳ್ಳುತ್ತಾರೆ?

ಬೆಳ್ಳಟ್ಟಿಯ ಮನೆಯಲ್ಲಿ ಹೆಂಡತಿ ಫಕ್ಕೀರವ್ವ ಒಬ್ಬಳೇ. ಅವಳೂ ಈಚೆಗೆ ಮಾತು ಕಡಿಮೆ ಮಾಡಿದ್ದಳು. ಅಲ್ಲಿ ಅವನಿಗಿದ್ದ ತಲೆನೋವೆಂದರೆ ಅಡುಗೆಮನೆಯ ಬಲ್ಬು. ದಿನಾ ಊಟದ ಹೊತ್ತಿಗೆ ಅದಕ್ಕೆ ದೆವ್ವ ಬಡಿಯುತ್ತಿತ್ತು. ಆರುವುದು, ಹತ್ತುವುದು, ಮತ್ತೆ ಆರುವುದು. ಪಡಸಾಲೆಯಲ್ಲಿ ಕುಳಿತವನು ಸ್ಕ್ರೂಡ್ರೈವರ್ ಹುಡುಕಿ ಒಳಗೆ ಹೋಗುವಷ್ಟರಲ್ಲಿ ನೆಟ್ಟಗಾಗಿರುತ್ತಿತ್ತು. ಹೋಲ್ಡರ್ ಬದಲಿಸಿದ, ವೈರು ಬದಲಿಸಿದ, ಬಲ್ಬು ಮಾರಿದವನಿಗೆ ಬೈದುಬಂದ. ಹೇಗೂ ಒಳಗೆ ಬಂದಿದ್ದಾನಲ್ಲ ಎಂಬಂತೆ ಫಕ್ಕೀರವ್ವ ತಾಟು ಮುಂದಿಡುತ್ತಿದ್ದಳು.

ಹೋದ ತಿಂಗಳು ಮಿಲ್ಲಿನ ಕೆಟಲ್‌ನಲ್ಲಿ ಶೇಂಗಾ ಸೀದುಹೋಯಿತು. ಹಿಂಡುವ ಮೊದಲು ಕಾಳನ್ನು ಉಗಿಯಿಂದ ಬಿಸಿಮಾಡಿ ಹದಕ್ಕೆ ತರುವ ದೊಡ್ಡ ಹಂಡೆ ಅದು. ಅದನ್ನು ಕಾಯುವುದೇ ಅಂದಪ್ಪನ ಕೆಲಸ. ಶಾಖ ಏರುತ್ತಿದೆ ಎಂದು ಬಾಯ್ಲರಿನ ಲಾಡಸಾಬ ಗಂಟಲು ಹರಿಯುವಂತೆ ಕೂಗಿದ್ದನಂತೆ. ಅಂದಪ್ಪ ಬೆನ್ನು ತಿರುಗಿಸಿ ಚೀಲ ಹೊಲಿಯುತ್ತಿದ್ದ. ಸಾಹುಕಾರ ಮಹಾದೇವಪ್ಪ ಕೇಳಿದಾಗ, "ನಿದ್ದಿ ಹತ್ತಿತ್ರಿ" ಎಂದು ಸುಳ್ಳು ಹೇಳಿ ಬೈಸಿಕೊಂಡ.

"ಇನ್ನ ಮ್ಯಾಲೆ ಮಷೀನ ಒದರ್ತೈತಿ. ಅದು ಒದರಿದ ಮ್ಯಾಲೂ ನೀ ಬರಲಿಲ್ಲಂದ್ರ ಮನಿಗೆ ನಡಿ," ಎಂದ ಸಾಹುಕಾರ.

ಹಾಗೆ ಬಂದದ್ದು ಶಾಖ ನೋಡಿಕೊಳ್ಳುವ ಕಂಟ್ರೋಲರ್. ಅದನ್ನು ಕೂಡಿಸಲು ಗದಗಿನಿಂದ ಶಿವರಂಜನಿ ಎಂಬ ಹುಡುಗಿ ಬಂದಳು. ಅಂಗೈಯಗಲದ ಪೆಟ್ಟಿಗೆ, ಮುಖದ ಮೇಲೆ ಉರಿಯುವ ಅಂಕಿಗಳು. ಅವಳು ಗುಂಡಿ ಒತ್ತಿ ಒತ್ತಿ ಅಲಾರ್ಮಿನ ಮಿತಿಯನ್ನು ನೂರಾ ಹತ್ತು ಡಿಗ್ರಿಗೆ ಇಟ್ಟಳು. ಆಮೇಲೆ ಅಲಾರ್ಮು ಕೇಳುತ್ತದೋ ಇಲ್ಲವೋ ನೋಡಲು ಅಂದಪ್ಪನನ್ನು ಯಂತ್ರದ ಆಚೆಗೆ ನಿಲ್ಲಿಸಿ ತಾನು ಪೆಟ್ಟಿಗೆಯ ಹತ್ತಿರ ಬಗ್ಗಿದಳು. ಅವಳು ಎದ್ದು ಕೈ ಎತ್ತಿದ್ದೇ ತಡ, "ಚಲೋ ಕೇಳಸ್ತು ನೋಡವಾ!" ಎಂದು ಕೂಗಿಬಿಟ್ಟ.

ಆಮೇಲೆ ನೋಡಿದರೆ, ಒದರಬೇಕಾದ ಬಜರ್ ಇನ್ನೂ ಅವಳ ಕೈಯಲ್ಲೇ ಇತ್ತು. ವೈರು ಜೋಡಿಸಿಯೇ ಇರಲಿಲ್ಲ.

ಸಾಹುಕಾರ ಆಚೆ ಗಾದಿಯ ಮೇಲೆ ಫೋನಿನಲ್ಲಿ ಮುಳುಗಿದ್ದ. ಅಂದಪ್ಪ ಕಾಲೆಳೆಯುತ್ತ ಅವಳ ಹತ್ತಿರ ಬಂದು, ಯಾರ ಮುಂದೂ ಆಡದ ಮಾತನ್ನು ಆಡಿದ. "ನನಗ ಕೇಳಸಂಗಿಲ್ಲವಾ. ಒದರೂದರ ಜತಿ ಒಂದು ದೀಪ ಹಚ್ಚಾಕ ಬರ್ತೈತೇನು?"

ಶಿವರಂಜನಿ ಅವನ ಮುಖ ನೋಡಿಯೇ ಕೇಳಿದಳು, "ಮನ್ಯಾಗ ಗೊತ್ತೈತೇನ್ರಿ, ಕಾಕಾ?"

"ಯಾರಿಗೂ ಗೊತ್ತಿಲ್ಲ."

ಅವಳು ಬಜರಿನ ಜೊತೆಗೆ ಕೆಟಲ್ ಮೇಲೆ ಒಂದು ಕೆಂಪು ದೀಪವನ್ನೂ ಜೋಡಿಸಿದಳು. "ಶಾಖ ಇಳಿದರೂ ಇದು ತಾನಾಗೇ ನಿಂದ್ರಂಗಿಲ್ಲರಿ. ಹಂಗ ಸೆಟ್ ಮಾಡೀನಿ. ನೀವು ಬಂದು ಈ ಗುಂಡಿ ಒತ್ತೂತನಕ ಕರೀತಾನ ಇರ್ತೈತಿ," ಎಂದಳು, ಒಂದೊಂದೇ ಮಾತನ್ನು ಬಿಡಿಸಿ.

ಪರೀಕ್ಷೆಗೆಂದು ಮಿತಿಯನ್ನು ಎಂಬತ್ತಕ್ಕೆ ಇಳಿಸಿದಳು. ಅಂದಪ್ಪ ಬೆನ್ನು ಹಾಕಿ ನಿಂತಿದ್ದ. ಎದುರಿನ ಗೋಡೆ ಕೆಂಪಾಯಿತು, ಕಪ್ಪಾಯಿತು, ಮತ್ತೆ ಕೆಂಪಾಯಿತು. ಯಾರೂ ಹೇಳದೆ ತಿರುಗಿದ, ನಡೆದುಹೋಗಿ ಗುಂಡಿ ಒತ್ತಿದ. ಗಾದಿಯ ಮೇಲಿಂದ ಸಾಹುಕಾರ ತಲೆಯಾಡಿಸಿದ. ಅಂದಪ್ಪನಿಗೆ ಅಳು ಬಂದಂತಾಯಿತು. ಕೆಲಸ ಉಳಿಯಿತೆಂದಲ್ಲ, ತನ್ನನ್ನು ಕರೆದದ್ದು ತನಗೆ ತಿಳಿದು ಎಷ್ಟೋ ಕಾಲವಾಗಿತ್ತು.

ಆ ಸಂಜೆ ಪಡಸಾಲೆಯಲ್ಲಿ ಕುಳಿತಿದ್ದಾಗ ಅಡುಗೆಮನೆಯ ಬಲ್ಬು ಆರಿ ಹತ್ತಿತು. ರೂಢಿಯಂತೆ ಕೈ ಸ್ಕ್ರೂಡ್ರೈವರಿಗೆ ಹೋಯಿತು. ಮತ್ತೆ ಆರಿ ಹತ್ತಿತು. ಮಿಲ್ಲಿನ ಗೋಡೆ ಕಣ್ಣ ಮುಂದೆ ಬಂದು ಅವನ ಕೈ ಅಲ್ಲೇ ನಿಂತಿತು.

ಬರಿಗೈಯಲ್ಲಿ, ಸದ್ದಾಗದಂತೆ ಹೊಸ್ತಿಲಿಗೆ ಬಂದ. ಫಕ್ಕೀರವ್ವ ಒಂದು ಕೈಯಿಂದ ಹಂಚಿನ ಮೇಲಿನ ರೊಟ್ಟಿ ತಿರುವುತ್ತಿದ್ದಳು. ಇನ್ನೊಂದು ಕೈ ಸ್ವಿಚ್ಚಿನ ಮೇಲಿತ್ತು. ಒತ್ತುತ್ತಿತ್ತು, ಬಿಡುತ್ತಿತ್ತು, ಒತ್ತುತ್ತಿತ್ತು.

ಬಲ್ಬಿಗೆ ಯಾವ ರೋಗವೂ ಇರಲಿಲ್ಲ. ಕರೆದು ಕರೆದು ಸಾಕಾದ ಯಾವುದೋ ಒಂದು ದಿನ ಅವಳು ಇದನ್ನು ಕಂಡುಕೊಂಡಿರಬೇಕು. ಗಂಡನ ಮರ್ಯಾದೆ ಗಂಡನಿಗೇ ಇರಲಿ ಎಂದು ಬಾಯಿ ಬಿಟ್ಟಿರಲಿಲ್ಲ, ಹೋಲ್ಡರ್ ಬಿಚ್ಚುವಾಗ ಸ್ಟೂಲು ಹಿಡಿದು ನಿಂತಿದ್ದಳು. ತಾನೊಬ್ಬನೇ ಒಂಟಿ ಎಂದುಕೊಂಡಿದ್ದ ಮನೆಯಲ್ಲಿ ಇವಳೂ ಇಷ್ಟು ವರ್ಷ ಒಂಟಿಯಾಗಿದ್ದಳು.

ಅವನು ಹೋಗಿ ಸ್ವಿಚ್ಚಿನ ಮೇಲಿದ್ದ ಆ ಕೈಯನ್ನು ಹಿಡಿದ. "ಬಂದ್ನಿ," ಎಂದ.

ಫಕ್ಕೀರವ್ವ ತಿರುಗಿದಳು. ಅವನ ಖಾಲಿ ಕೈ ನೋಡಿದಳು. ಆಮೇಲೆ ಎದುರಿಗೆ ನಿಂತು, ತುಟಿ ಕಾಣುವಂತೆ, ಗಟ್ಟಿಯಾಗಿ ಹೇಳಿದಳು:

"ಕುಂಡ್ರಿ, ರೊಟ್ಟಿ ಆರತಾವು."