ಬಿಳಿ ಪೊರೆಗೆ ನೀಲಿ ಬಣ್ಣ

ವಸಂತ ಬಂತೆಂದರೆ ಬಲ್ಗೇರಿಯಾದ ಆ ಬೆಟ್ಟದೂರಿನವರೆಲ್ಲ ಕಾಡು ಬೆಳ್ಳುಳ್ಳಿಯ ಸೊಪ್ಪು ಕೀಳಲು ಹೊರಡುತ್ತಾರೆ. ಆ ವರ್ಷ ದೊಬ್ರೀನಾ ತಂದ ಸೊಪ್ಪಿನಲ್ಲಿ ಅದೇ ಆಕಾರದ ವಿಷದೆಲೆಗಳೂ ಸೇರಿದ್ದವು. ಅವಳ ಕಣ್ಣಿಗೆ ಕಾಣಲಿಲ್ಲ. ಆ ಸೊಪ್ಪಿನ ಸಾರನ್ನು ಅವಳಿಗಿಂತ ಮೊದಲು ಕುಡಿದ ಗಂಡ ರಾಂಗೆಲ್ ವಾರವಿಡೀ ಆಸ್ಪತ್ರೆಯಲ್ಲಿ ಮಲಗಿದ. ಬದುಕಿ ಬಂದದ್ದೇ ಹೆಚ್ಚು.

"ಗಂಡನಿಗೇ ವಿಷ ಹಾಕಿದ್ಲಂತೆ!" ಎಂದು ಬ್ರೆಡ್ ಅಂಗಡಿಯ ಮುಂದೆ ಹೆಂಗಸರು ನಕ್ಕರು. ದೊಬ್ರೀನಾ ಹೊರಗೆ ಮುಖ ತೋರಿಸುವುದನ್ನೇ ಬಿಟ್ಟಳು.

ರಾಂಗೆಲ್‌ನನ್ನು ನೋಡಲು ಊರಿನ ನರ್ಸ್ ವೆಲಿಚ್ಕಾ ಬಂದಳು. ದೊಬ್ರೀನಾ ಬಗ್ಗಿಸಿದ ಕಾಫಿ ಲೋಟದ ಹೊರಗೇ ಸುರಿಯಿತು. ನರ್ಸ್ ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. ಎರಡೂ ಪಾಪೆ ಹಾಲಿನಂತೆ ಬೆಳ್ಳಗಿದ್ದವು.

"ಎಷ್ಟು ದಿನದಿಂದ ಹೀಗೆ, ದೊಬ್ರೀನಕ್ಕಾ?"

"ಎರಡು ವರ್ಷ ಆಯ್ತು. ಕುರುಡಿ ಅನ್ನಿಸ್ಕೊಳ್ಳೋಕೆ ನಾಚ್ಕೆ ಆಯ್ತು ಕಣೇ."

"ಪೊರೆ ಪೂರ್ತಿ ಬಲಿತಿದೆ. ಆಪರೇಷನ್ ಮಾಡಿಸೋಣ."

"ಬೇಡ ಬೇಡ. ಪೊರೆ ಬಲಿತ ಕಣ್ಣಿಗೆ ನೀಲಿ ಶಾಯಿ ಸುರೀತಾರಂತೆ. ಆಗಿರೋ ಮರ್ಯಾದೆ ಸಾಲ್ದು ಅಂತ ನೀಲಿ ಕಣ್ಣು ಬೇರೆ ಹೊತ್ಕೊಂಡು ತಿರುಗ್ಲಾ?"

"ಶಾಯಿ ಅಲ್ಲಕ್ಕಾ, ಅದಕ್ಕಂತಲೇ ಮಾಡಿರೋ ಬಣ್ಣ. ಕಣ್ಣಿನ ಮಸೂರದ ಸುತ್ತ ತೆಳ್ಳಗೆ ಒಂದು ಪದರ ಇರುತ್ತೆ. ಮಸೂರ ಹೀಗೆ ಬೆಳ್ಳಗಾಗ್ಬಿಟ್ರೆ ಪದರ ಎಲ್ಲಿದೆ ಅಂತ ಡಾಕ್ಟರಿಗೇ ಕಾಣಲ್ಲ. ಚೂರು ಬಣ್ಣ ಬಿಟ್ರೆ ಪದರ ನೀಲಿ ಆಗಿ ಎದ್ದು ಕಾಣುತ್ತೆ. ಆಮೇಲೆ ಮಿಕ್ಕ ಬಣ್ಣ ತೊಳೆದು, ಪದರದಲ್ಲಿ ದುಂಡಗೆ ಕಿಂಡಿ ಬಿಡಿಸಿ, ಪೊರೆ ಕಟ್ಟಿದ ಮಸೂರ ತೆಗೆದು, ಹೊಸ ಮಸೂರ ಇಡ್ತಾರೆ. ನಿನ್ನ ಕಣ್ಣು ನೀಲಿ ಆಗಲ್ಲ."

ಹಾಸಿಗೆಯಿಂದ ರಾಂಗೆಲ್ ಗೊಣಗಿದ: "ಹೋಗೇ ಮಾರಾಯ್ತಿ. ಇನ್ನೊಂದ್ಸಲ ಸಾರು ಮಾಡಿದ್ರೆ ನಾನು ಉಳಿಯಲ್ಲ."

ಮೊದಲು ಬಲಗಣ್ಣಿಗೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿಸಿಕೊಂಡು ಮನೆಗೆ ಬಂದ ದೊಬ್ರೀನಾ ಅಡುಗೆಮನೆಯಲ್ಲಿ ನಿಂತುಬಿಟ್ಟಳು. ತಟ್ಟೆಗಳ ಅಂಚಿನಲ್ಲೆಲ್ಲ ಒಣಗಿದ ಜಿಡ್ಡು. ರಾಂಗೆಲ್ ಚರ್ಚಿಗೆ ಹಾಕಿಕೊಂಡು ಹೋಗುವ ಅಂಗಿಯ ತುಂಬ ಕಲೆ.

"ಎರಡು ವರ್ಷ ಇದ್ರಲ್ಲೇ ಉಂಡ್ಯಾ? ಒಂದು ಮಾತು ಹೇಳ್ಬಾರ್ದಿತ್ತಾ?"

"ನೀನು ನಾಚ್ಕೋತೀಯ ಅಂತ ಸುಮ್ನಿದ್ದೆ."

ದೊಬ್ರೀನಾ ತಲೆ ಎತ್ತಲಿಲ್ಲ. "ನಾನು ಮೊದ್ಲೇ ಬಾಯಿ ಬಿಟ್ಟಿದ್ರೆ ನೀನು ಸಾಯೋ ಹಾಗೆ ಆಗ್ತಿರ್ಲಿಲ್ಲ."

ಮರುದಿನ ಅವಳು ತಾನಾಗಿಯೇ ಬ್ರೆಡ್ ಅಂಗಡಿಗೆ ಹೋದಳು. ಮುಖ ಕೆಂಪಾಗಿತ್ತು. "ನಂಗೆ ಕಣ್ಣು ಕಾಣ್ತಿರ್ಲಿಲ್ಲ. ಮುಚ್ಚಿಟ್ಟೆ. ತಪ್ಪು ನಂದೇ" ಎಂದಳು.

ಯಾರೂ ನಗಲಿಲ್ಲ. ಮೊದಲು ನಕ್ಕವರಲ್ಲೇ ಒಬ್ಬ ಮುದುಕಿ ಹತ್ತಿರ ಬಂದು ಪಿಸುಗುಟ್ಟಿದಳು: "ದೊಬ್ರೀನಾ, ನಂಗೂ ನಿನ್ನ ಮುಖ ಸರಿಯಾಗಿ ಕಾಣ್ತಿಲ್ಲ ಕಣೇ. ಯಾರಿಗೂ ಹೇಳ್ಬೇಡ."

ನಿಮ್ಮ ಮನೆಯಲ್ಲೂ ಹೀಗೆ ಮುಚ್ಚಿಟ್ಟುಕೊಂಡವರು ಇರಬಹುದು. ಮೆಲ್ಲಗೆ ಕೇಳಿ ನೋಡಿ. ಪೊರೆ ಬಲಿಯಲಿ ಎಂದು ಕಾಯಬೇಡಿ. ಬಲಿತೇಬಿಟ್ಟಿತು ಎಂದು ಕೈಬಿಡಲೂ ಬೇಡಿ. ನಾಳೆಯೇ ಅವರ ಕೈ ಹಿಡಿದು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.